ನಾಯಿಗೂ ಸ್ವೆಟರಾ, ಡಾಕ್ಟ್ರಮ್ಮ?

ದೀಪಾವಳಿ ಮುಗಿದಾಗಿನಿಂದ ನನಗೆ ಬರುವ ಕಾಗದಗಳಲ್ಲಿ ಒಂದೇ ಮಾತು. ಹಸುವಿನ ಕೆಚ್ಚಲು ಬಾವು, ಕೋಳಿಗೆ ರೋಗ ಎಲ್ಲಾ ಹಿಂದೆ ಬಿದ್ದಿವೆ. ಹತ್ತರಲ್ಲಿ ಆರು ಪತ್ರ ನಾಯಿಯ ಸ್ವೆಟರಿನದ್ದೇ. ನಾನು ಮೂವತ್ತೊಂದು ವರ್ಷ ಸರ್ಕಾರಿ ಪಶು ಆಸ್ಪತ್ರೆಗಳಲ್ಲಿ ಕೆಲಸ ಮಾಡಿದವಳು. ನಿವೃತ್ತಿಯಾದ ಮೇಲೆ ಮಡಿಕೇರಿಯ ಮನೆಯಲ್ಲಿ ಕೂತು ಉಲ್ಲನ್ ಹಿಡಿದಿದ್ದೇನೆ. ಸ್ಟೆತಾಸ್ಕೋಪ್ ಇದ್ದ ಡ್ರಾಯರಿನಲ್ಲಿ ಈಗ ಹೆಣಿಗೆ ಕಡ್ಡಿಗಳಿವೆ. ಹಾಗಾಗಿ ಈ ಸಲ ಪೂರ್ತಿ ಅಂಕಣ ಸ್ವೆಟರಿಗೇ ಇರಲಿ. ಹಸು ಸಾಕಿದವರು ಮುಂದಿನ ಸಂಚಿಕೆಯವರೆಗೆ ಕ್ಷಮಿಸಬೇಕು.

ಪ್ರ: ನಮ್ಮದು ಐದು ವರ್ಷದ ಲ್ಯಾಬ್ರಡಾರ್. ಪಕ್ಕದ ತೋಟದವರು ಅವರ ಪಗ್ ನಾಯಿಗೆ ಕೆಂಪು ಸ್ವೆಟರ್ ಹಾಕಿದ್ದಾರೆ. ಅದನ್ನು ನೋಡಿ ನಮ್ಮ ಮಗಳು ಹಟ ಹಿಡಿದಿದ್ದಾಳೆ. ಯಾವ ಸೈಜ್ ತರಲಿ?
– ಓದುಗರು, ಸಕಲೇಶಪುರ

ಉ: ಯಾವ ಸೈಜೂ ಬೇಡ. ನಿಮ್ಮ ಲ್ಯಾಬ್ ಹುಟ್ಟುವಾಗಲೇ ಸ್ವೆಟರ್ ಹಾಕಿಕೊಂಡು ಬಂದಿದೆ. ಅದರ ಬೆನ್ನಿನ ಕೂದಲನ್ನು ಬೆರಳಿನಿಂದ ಬಿಡಿಸಿ ನೋಡಿ. ಮೇಲೆ ಸ್ವಲ್ಪ ಜಿಡ್ಡಿನ, ಒರಟು ಕೂದಲು. ಅದರ ಬುಡದಲ್ಲಿ ಹತ್ತಿಯಂಥ ಇನ್ನೊಂದು ಪದರ. ಆ ಒಳಗೂದಲಿನ ನಡುವೆ ನಿಲ್ಲುವ ಗಾಳಿಯೇ ಅದನ್ನು ಬೆಚ್ಚಗಿಡುವುದು. ಇದರ ಹಿರಿಯರು ಕೆನಡಾದ ನ್ಯೂಫೌಂಡ್‌ಲ್ಯಾಂಡ್ ಕಡೆ ಮೀನುಗಾರರ ಜೊತೆ ತಣ್ಣೀರಿಗೆ ಇಳಿಯುತ್ತಿದ್ದ ನಾಯಿಗಳು. ಸಕಲೇಶಪುರದ ಮಂಜು ಅದಕ್ಕೆ ಒಂದು ಲೆಕ್ಕವೇ ಅಲ್ಲ. ಜರ್ಮನ್ ಶೆಫರ್ಡ್, ಹಸ್ಕಿ, ಪೊಮೇರಿಯನ್ ಸಾಕಿದವರಿಗೂ ಇದೇ ಉತ್ತರ. ಮುದಿಯಾಗಿದ್ದರೆ, ಕಾಯಿಲೆ ಬಿದ್ದು ಸೊರಗಿದ್ದರೆ, ಆಪರೇಷನ್ನಿಗೆಂದು ಮೈ ಬೋಳಿಸಿದ್ದರೆ ಆಗ ಬೇರೆ ಮಾತು.

ನಾಯಿ ನಮ್ಮ ಹಾಗೆ ಮೈಯೆಲ್ಲಾ ಬೆವರುವುದಿಲ್ಲ. ಅಂಗಾಲಿನಲ್ಲಿ ಒಂದಿಷ್ಟು ಬೆವರು ಬರುತ್ತದೆ, ಅಷ್ಟೇ. ಸೆಕೆಯಾದರೆ ನಾಲಿಗೆ ಹೊರಗೆ ಹಾಕಿ ತೇಕುವುದೊಂದೇ ಅದಕ್ಕಿರುವ ದಾರಿ. ಹಾಗಾಗಿ ನನಗೆ ನಿಮ್ಮ ನಾಯಿಗಿಂತ ಪಕ್ಕದ ತೋಟದ ಪಗ್‌ನದ್ದೇ ಚಿಂತೆ. ಅದಕ್ಕೆ ಸಣ್ಣ ಕೂದಲು, ಚಳಿಯಾಗುವುದು ನಿಜ. ಆದರೆ ಮೂಗು ಚಪ್ಪಟೆ, ತೇಕುವುದೇ ಕಷ್ಟ. ಬೆಳಿಗ್ಗೆ ಹಾಕಿದ್ದನ್ನು ಬಿಸಿಲು ಬಂದ ಮೇಲೂ ಬಿಟ್ಟಿದ್ದಾರಾ, ಕೊರಳ ಹತ್ತಿರ ಬಿಗಿ ಇದೆಯಾ ಅಂತ ಒಮ್ಮೆ ವಿಚಾರಿಸಿ. ಮಗಳಿಗೆ ಫೋಟೋ ಬೇಕಿದ್ದರೆ ಲ್ಯಾಬ್ ಕೊರಳಿಗೆ ಒಂದು ಕರ್ಚೀಫು ಕಟ್ಟಿ ಮುಗಿಸಿ.

ಪ್ರ: ಡಾಕ್ಟರ್ ಮೇಡಂ, ನಮ್ಮ ಮನೆಯಲ್ಲಿ ಮುಧೋಳ ನಾಯಿ ಇದೆ. ಡಿಸೆಂಬರ್, ಜನವರಿಯಲ್ಲಿ ನಮ್ಮ ಕಡೆ ರಾತ್ರಿ ಭಾಳ ಥಂಡಿ. ಕೊಟ್ಟಿಗೆಯಲ್ಲಿ ನಡುಗುತ್ತ ಮಲಗಿರುತ್ತದೆ. ಅಂಗಡಿಯಿಂದ ಎರಡು ಸ್ವೆಟರ್ ತಂದೆವು. ಒಂದು ಎದೆಗೆ ಹತ್ತಲಿಲ್ಲ, ಇನ್ನೊಂದು ಹೊಟ್ಟೆಯಲ್ಲಿ ಜೋತು ಬಿತ್ತು. ಏನು ಮಾಡೋಣ?
– ಓದುಗರು, ಜಮಖಂಡಿ

ಉ: ನಿಮ್ಮ ಪತ್ರ ಓದಿ ಖುಷಿಯಾಯಿತು. ಸ್ವೆಟರ್ ನಿಜವಾಗಿ ಬೇಕಿರುವ ನಾಯಿ ಇದು. ಮುಧೋಳಕ್ಕೆ ಸಣ್ಣ, ನುಣುಪು ಕೂದಲು. ಚರ್ಮದ ಕೆಳಗೆ ಕೊಬ್ಬು ಅನ್ನುವುದೇ ಕಡಿಮೆ. ಓಡುವುದಕ್ಕೆ ಅದು ಅನುಕೂಲ, ಮಲಗಿದಾಗ ಅದೇ ತೊಂದರೆ. 2005ರಲ್ಲಿ ಅಂಚೆ ಇಲಾಖೆ ನಾಲ್ಕು ದೇಶಿ ನಾಯಿಗಳ ಅಂಚೆಚೀಟಿ ತಂದಾಗ ಅದರಲ್ಲಿ ಮುಧೋಳವೂ ಇತ್ತು. ಆ ಚೀಟಿ ನನ್ನ ಹತ್ತಿರ ಇನ್ನೂ ಇದೆ. ಚೀಟಿಯ ಮೇಲೆ ನಿಂತ ನಾಯಿ ಎಷ್ಟು ಚೆಂದವೋ, ಜನವರಿ ರಾತ್ರಿ ಸುರುಳಿ ಸುತ್ತಿ ಮೂಗನ್ನು ಬಾಲದೊಳಗೆ ಸಿಕ್ಕಿಸಿಕೊಂಡ ನಾಯಿ ಅಷ್ಟೇ ಪಾಪ.

ಅಂಗಡಿಯ ಸ್ವೆಟರ್ ಹೊಂದದೇ ಇದ್ದದ್ದಕ್ಕೆ ಕಾರಣ ಮೈಕಟ್ಟು. ಆಳದ ಎದೆ, ಒಳಗೆ ಹೋದ ಹೊಟ್ಟೆ. ಅಂಗಡಿಯವರು ಬೆನ್ನಿನ ಉದ್ದ ಒಂದನ್ನೇ ನೋಡಿ ಎಸ್, ಎಂ, ಎಲ್ ಅನ್ನುತ್ತಾರೆ. ನೀವು ಟೈಲರ್ ಟೇಪು ತಗೊಂಡು ನಾಯಿಯನ್ನು ನಿಲ್ಲಿಸಿ, ನಾಲ್ಕು ಅಳತೆ ತೆಗೆಯಿರಿ. ಕೂತಾಗ ತೆಗೆದ ಅಳತೆ ಸುಳ್ಳು ಹೇಳುತ್ತದೆ. ಬೆಲ್ಟು ಕೂರುವ ಜಾಗದಿಂದ ಬಾಲದ ಬುಡದವರೆಗೆ ಉದ್ದ. ಕೊರಳ ಸುತ್ತಳತೆ. ಮುಂಗಾಲಿನ ಹಿಂದೆಯೇ, ಎದೆ ಅತಿ ಅಗಲ ಇರುವಲ್ಲಿ ಸುತ್ತಳತೆ. ಕೊನೆಗೆ ಸೊಂಟ. ನನ್ನ ಹತ್ತಿರ ಇರುವ ಬೆಳ್ಳಿ ಮುಧೋಳದ ಮಿಶ್ರ ತಳಿ. ಅದರ ಲೆಕ್ಕ ಹೇಳುತ್ತೇನೆ: ಉದ್ದ 26 ಇಂಚು, ಕೊರಳು 14, ಎದೆ 28, ಸೊಂಟ ಬರೀ 19. ಎದೆಗೂ ಸೊಂಟಕ್ಕೂ ಒಂಬತ್ತು ಇಂಚಿನ ವ್ಯತ್ಯಾಸ! ಯಾವ ರೆಡಿಮೇಡ್ ತಾನೇ ಹೊಂದೀತು?

ಹೆಣೆಯುವವರು ಮನೆಯಲ್ಲಿದ್ದರೆ ಅವರಿಗೆ ಇಷ್ಟು ಹೇಳಿ. ನಾಲ್ಕು ಎಳೆಯ ಉಲ್ಲನ್, 8ನೇ ನಂಬರ್ ಕಡ್ಡಿ. ಕೊರಳಿನ ಪಟ್ಟಿಗೆ ಮಾತ್ರ 10ನೇ ನಂಬರ್. ನನ್ನ ಕೈಗೆ ಇಂಚಿಗೆ ಐದು ಕುಣಿಕೆ ಬರುತ್ತದೆ. ಎದೆಗೆ ಎರಡು ಇಂಚು ಸಡಿಲ ಬಿಟ್ಟು 30 ಇಂಚು ಅಂದರೆ 150 ಕುಣಿಕೆ. ನಿಮ್ಮವರ ಕೈ ಬಿಗಿಯೋ ಸಡಿಲವೋ, ಮೊದಲು ಅಂಗೈಯಗಲ ಹೆಣೆದು ಎಣಿಸಿಕೊಳ್ಳಲಿ. ಎರಡು ಸೀದಾ, ಎರಡು ಉಲ್ಟಾ ಹಾಕುತ್ತ ಹೋದರೆ ಬಟ್ಟೆ ಹಿಗ್ಗಿ ಕುಗ್ಗುತ್ತದೆ, ಸೊಂಟದ ಹತ್ತಿರ ತಾನಾಗಿಯೇ ಮೈಗೆ ಕೂರುತ್ತದೆ. ಈ ನಾಯಿಗಳ ತಲೆ ಕೊರಳಿಗಿಂತ ದಪ್ಪವೇನಲ್ಲ. ಹಾಗಾಗಿ ತಲೆಯ ಮೇಲಿಂದ ಸಲೀಸಾಗಿ ಇಳಿಯುತ್ತದೆ, ಗುಂಡಿ, ಜಿಪ್ಪು ಏನೂ ಬೇಕಿಲ್ಲ. ಗಂಡು ನಾಯಿಯಾದರೆ ಹೊಟ್ಟೆಯ ಕೆಳಗಿನ ಭಾಗವನ್ನು ಎದೆಮೂಳೆ ಮುಗಿಯುವಲ್ಲೇ ನಿಲ್ಲಿಸಿ. ಇಲ್ಲದಿದ್ದರೆ ಮೊದಲ ಕಂಬದ ಹತ್ತಿರವೇ ಸ್ವೆಟರ್ ಒದ್ದೆ. ಬೆಳ್ಳಿಗೆ ನಾನು 200 ಗ್ರಾಂ ದಾರ ತಂದಿದ್ದೆ, ಸಾಲಲಿಲ್ಲ. ಅಂಗಡಿಯಲ್ಲಿ ಆ ಬಣ್ಣ ಮುಗಿದಿತ್ತು. ಹೊಟ್ಟೆಯ ಪಟ್ಟಿ ಈಗ ಸಾಸಿವೆ ಬಣ್ಣ, ಬೆನ್ನು ಮಾತ್ರ ನೀಲಿ. ನಾಯಿಗೇನೂ ಬೇಜಾರಿಲ್ಲ.

ಒಂದೇ ಒಂದು ಕಡೆ ಧಾರಾಳವಾಗಿರಿ. ಮುಂಗಾಲಿನ ತೂತು. ಇದನ್ನು ನಾನು ಕಷ್ಟಪಟ್ಟು ಕಲಿತೆ. ಹಿಂದೆ ನಮ್ಮಲ್ಲಿ ಪುಟ್ಟಿ ಅಂತ ಡ್ಯಾಷ್‌ಹೌಂಡ್ ಇತ್ತು. ಅದಕ್ಕೆ ನಾನು ಹೆಣೆದ ಮೊದಲನೇ ಸ್ವೆಟರ್ ಗುಲಾಬಿ ಬಣ್ಣದ್ದು, ನೋಡಿದವರೆಲ್ಲಾ ಹೊಗಳಿದ್ದು. ತಂಗಿಯ ಮಗಳ ಮದುವೆಗೆಂದು ನಾಲ್ಕು ದಿನ ಹೋಗಿದ್ದೆ. ಮನೆಯಲ್ಲಿದ್ದವರಿಗೆ ಊಟದ ಬಗ್ಗೆ ಹೇಳಿದೆ, ಸ್ವೆಟರ್ ಬಿಚ್ಚಿ ಅಂತ ಹೇಳಲು ಮರೆತೆ. ಬಂದು ಬಿಚ್ಚಿದರೆ ಎರಡೂ ಕಂಕುಳಲ್ಲಿ ದಾರ ಉಜ್ಜಿ ಉಜ್ಜಿ ಚರ್ಮ ಕೆಂಪಾಗಿ ಒಸರುತ್ತಿತ್ತು. ಕೂದಲು ಜಡೆಗಟ್ಟಿ ಗಂಟಾಗಿತ್ತು. ಅದರಡಿ ಮೂರು ಉಣ್ಣಿ. ಊರಿನ ನಾಯಿಗಳಿಗೆಲ್ಲಾ ಔಷಧಿ ಕೊಟ್ಟ ಡಾಕ್ಟ್ರಮ್ಮನ ಮನೆ ನಾಯಿ! ಹದಿನೈದು ದಿನ ಮುಲಾಮು ಹಚ್ಚಿದೆ, ಯಾರಿಗೂ ಹೇಳಲಿಲ್ಲ. ಇವತ್ತು ನಿಮಗೆ ಹೇಳುತ್ತಿದ್ದೇನೆ.

ಅದಕ್ಕೇ, ದಿನಕ್ಕೊಮ್ಮೆಯಾದರೂ ಪೂರ್ತಿ ಬಿಚ್ಚಿ. ಕಂಕುಳು, ಕೊರಳು, ತೊಡೆಸಂದಿ ಮುಟ್ಟಿ ನೋಡಿ. ಹಾಕಿದ ಮೇಲೆ ಎರಡು ಬೆರಳು ಎಲ್ಲಾ ಕಡೆ ಸಲೀಸಾಗಿ ಒಳಗೆ ಹೋಗಬೇಕು. ನಾಯಿಯ ಮೈ ಸಹಜವಾಗಿಯೇ ನಮಗಿಂತ ಬಿಸಿ, 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ಸುಮ್ನೆ ಮುಟ್ಟಿ ಬೆಚ್ಚಗಿದೆ ಅಂತ ಜ್ವರ ಅಂದುಕೊಳ್ಳಬೇಡಿ. ಆದರೆ ಸ್ವೆಟರಿನೊಳಗೆ ಕೈ ಹಾಕಿದಾಗ ಕೈಗೆ ಪಸೆ ತಾಗಿದರೆ, ನಾಯಿ ತೇಕುತ್ತಿದ್ದರೆ ಬಿಚ್ಚಿಬಿಡಿ. ಥರ್ಮಾಮೀಟರ್ ಇಟ್ಟುಕೊಂಡವರಿಗೆ ನನ್ನ ಲೆಕ್ಕ: ನಿಮ್ಮಂಥ ತೆಳು ಮೈಯ ನಾಯಿಗೆ ರಾತ್ರಿ 10 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಇಳಿದರೆ ಸ್ವೆಟರ್ ಹಾಕಿ, ಬಿಸಿಲೇರಿದರೆ ತೆಗೆಯಿರಿ. ಮರಿಗೆ, ಮುದಿ ನಾಯಿಗೆ ಸ್ವಲ್ಪ ಮೊದಲೇ ಹಾಕಿ.

ಮತ್ತೆ, ಸ್ವೆಟರ್ ಹಾಕಿ ಬರೀ ನೆಲದ ಮೇಲೆ ಮಲಗಿಸಿದರೆ ಅರ್ಧ ಕೆಲಸವಷ್ಟೇ. ಕಲ್ಲು ನೆಲ ಕೆಳಗಿನಿಂದ ಶಾಖ ಎಳೆಯುತ್ತದೆ. ಒಂದು ಮಣೆಯೋ ಗೋಣಿಚೀಲವೋ ಕೆಳಗೆ, ಅದರ ಮೇಲೆ ಹಳೇ ಕಂಬಳಿ.

ಪ್ರ: ಆನ್‌ಲೈನಿನಲ್ಲಿ 'ಪ್ಯೂರ್ ವುಲ್' ಅಂತ 900 ರೂಪಾಯಿ ಕೊಟ್ಟು ಸ್ವೆಟರ್ ತರಿಸಿದೆ. ಹಾಕಿದಾಗಿನಿಂದ ನಮ್ಮ ಇಂಡಿ (ನಾಡು ತಳಿಯ) ನಾಯಿ ಕೆರೆದುಕೊಳ್ಳುತ್ತಲೇ ಇದೆ. ಉಣ್ಣೆ ಅಲರ್ಜಿಯಾ? ಅಥವಾ ಅದು ಉಣ್ಣೆಯೇ ಅಲ್ಲವಾ?
– ಓದುಗರು, ಬೆಂಗಳೂರು

ಉ: ಎರಡಕ್ಕೂ ಮೊದಲು ಉಣ್ಣಿ, ಚಿಗಟ ಇದೆಯಾ ನೋಡಿ. ಸಣ್ಣ ಹಲ್ಲಿನ ಬಾಚಣಿಗೆಯಿಂದ ಬಾಲದ ಬುಡದಲ್ಲಿ ಬಾಚಿ, ಉದುರಿದ್ದನ್ನು ಒದ್ದೆ ಬಿಳಿ ಬಟ್ಟೆಯ ಮೇಲೆ ಹಾಕಿ. ಕಪ್ಪು ಪುಡಿ ಕೆಂಪಾಗಿ ಹರಡಿದರೆ ಅದು ಚಿಗಟದ ಹಿಕ್ಕೆ. ಆಗ ಸ್ವೆಟರನ್ನು ಬೈದು ಪ್ರಯೋಜನವಿಲ್ಲ.

ಉಣ್ಣೆ ಹೌದೋ ಅಲ್ಲವೋ ತಿಳಿಯಲು ಒಳಗಿನ ಹೊಲಿಗೆಯಿಂದ ಒಂದಿಂಚು ದಾರ ಕತ್ತರಿಸಿ. ಇಕ್ಕುಳದಲ್ಲಿ ಹಿಡಿದು, ಬಚ್ಚಲಲ್ಲಿ ನೀರು ಪಕ್ಕದಲ್ಲಿಟ್ಟುಕೊಂಡು ಬೆಂಕಿ ತಾಗಿಸಿ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬರುತ್ತದೆ, ನಿಧಾನವಾಗಿ ಉರಿದು ತಾನೇ ಆರುತ್ತದೆ, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಅಕ್ರಿಲಿಕ್ ಅನ್ನುವ ಕೃತಕ ದಾರವಾದರೆ ಕರಗಿ, ಆರಿದ ಮೇಲೆ ಗಟ್ಟಿ ಕರಿ ಮಣಿಯಾಗುತ್ತದೆ. ನಮ್ಮ ಅಂಗಡಿಗಳಲ್ಲಿ 'ಉಲ್ಲನ್' ಅಂತ ಕೊಡುವ ದಾರದಲ್ಲಿ ಬಹುಪಾಲು ಅಕ್ರಿಲಿಕ್. ಅಂಗಡಿಯವರು ಮೋಸ ಮಾಡುತ್ತಿದ್ದಾರೆ ಅಂತಲ್ಲ, ನಾವು ಸ್ವೆಟರ್ ದಾರಕ್ಕೆಲ್ಲಾ ಉಲ್ಲನ್ ಅಂತಲೇ ಕರೆಯುತ್ತೇವೆ. ಆದರೆ 'ಪ್ಯೂರ್ ವುಲ್' ಅಂತ ಬರೆದು 900 ತಗೊಂಡಿದ್ದರೆ ನೀವು ವಾಪಸ್ ಕಳಿಸಲೇಬೇಕು.

ಅಕ್ರಿಲಿಕ್ ಕೆಟ್ಟದ್ದಾ? ಅಷ್ಟೇನಿಲ್ಲ. ಅಗ್ಗ, ಮೆಷಿನ್ನಿಗೆ ಹಾಕಬಹುದು, ನುಸಿ ತಿನ್ನುವುದಿಲ್ಲ. ಆದರೆ ಉಣ್ಣೆಯ ಒಂದು ಗುಣ ಅದಕ್ಕೆ ಬರುವುದಿಲ್ಲ. ಉಣ್ಣೆ ತನ್ನ ತೂಕದ ಶೇಕಡಾ 30ರಷ್ಟು ಪಸೆ ಹೀರಿಕೊಂಡರೂ ಮುಟ್ಟಿದರೆ ಒದ್ದೆ ಅನ್ನಿಸುವುದಿಲ್ಲ. ಇಬ್ಬನಿಯಲ್ಲಿ ತಿರುಗಿ ಬರುವ ನಾಯಿಗೆ ಇದು ದೊಡ್ಡ ಉಪಕಾರ. ಇನ್ನೊಂದು, ಮಲೆನಾಡಿನವರು ಕೇಳಿಸಿಕೊಳ್ಳಿ: ನಾಯಿ ಬಚ್ಚಲೊಲೆಯ ಬೂದಿಗೆ ಅಂಟಿಕೊಂಡೇ ಮಲಗುವುದು ಅಲ್ವಾ? ಅಲ್ಲಿಗೆ ಅಕ್ರಿಲಿಕ್ ಸ್ವೆಟರ್ ಬೇಡವೇ ಬೇಡ. ಕಿಡಿ ಬಿದ್ದರೆ ಕರಗಿ ಮೈಗೆ ಅಂಟುತ್ತದೆ.

ದಾರ ನಿಜವಾದ ಉಣ್ಣೆಯೇ ಆಗಿ, ಚಿಗಟವೂ ಇಲ್ಲದಿದ್ದರೆ ಆಗ ಒರಟುತನದ ಮಾತು. ಎಳೆ ದಪ್ಪವಾದಷ್ಟೂ ಚುಚ್ಚುತ್ತದೆ. ಮೆರಿನೊ ಅನ್ನುವ ನಯವಾದ ಉಣ್ಣೆಯ ಕುರಿಯ ಎಳೆ 24 ಮೈಕ್ರಾನ್‌ಗಿಂತ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು ಒಂದು ಮೈಕ್ರಾನ್) ತೆಳು, ಚರ್ಮಕ್ಕೆ ತಾಗಿದರೆ ಬಾಗುತ್ತದೆ. ನಮ್ಮ ದಖ್ಖನಿ ಕುರಿಯ ಉಣ್ಣೆ ಒರಟು. ಚಳ್ಳಕೆರೆ, ರಾಣೆಬೆನ್ನೂರು ಕಡೆಯ ಕರಿ ಕಂಬಳಿ ಹೊದ್ದವರಿಗೆ ಗೊತ್ತು, ಮೊದಲ ವಾರ ಮೈಯೆಲ್ಲಾ ಮುಳ್ಳು. ಹುಣಸೆಬೀಜದ ಗಂಜಿ ಬೇರೆ ಹಾಕಿರುತ್ತಾರೆ, ಹೊಸದು ಹಲಗೆಯ ಹಾಗೆ ನಿಲ್ಲುತ್ತದೆ. ಅದನ್ನು ಕತ್ತರಿಸಿ ನಾಯಿಗೆ ಅಂಗಿ ಹೊಲಿಸಿದವರನ್ನು ನೋಡಿದ್ದೇನೆ. ಬೇಡ. ಹಾಸಿಗೆಗೆ ಅದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ, ಹಾಸಿಗೆಗೇ ಇರಲಿ.

ಇಷ್ಟಾಗಿ, ಬೆಂಗಳೂರಿನ ಫ್ಲ್ಯಾಟಿನೊಳಗಿರುವ ಗಟ್ಟಿಮುಟ್ಟಾದ ಇಂಡಿಗೆ ಸ್ವೆಟರ್ ಬೇಕಾ ಅಂತ ನನಗೇ ಅನುಮಾನ. ನಿಮ್ಮೂರಿನ ದಾಖಲೆಯ ಚಳಿಯೇ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ. ಬೆಳಗಿನ ಜಾವದ ವಾಕಿಂಗಿಗೆ ಹಾಕಿ, ಮನೆಗೆ ಬಂದ ಕೂಡಲೇ ತೆಗೆಯಿರಿ. ಕೆರೆತವೂ ಕಡಿಮೆಯಾದೀತು.

ಪ್ರ: ಅಕ್ಕ, ಅಮ್ಮ ಊರಿನಿಂದ ಬಂದಾಗ ನಮ್ಮ ನಾಯಿಗೆಂದು ಮೆರಿನೊ ದಾರದಲ್ಲಿ ಎರಡು ತಿಂಗಳು ಕೂತು ಸ್ವೆಟರ್ ಹೆಣೆದು ಕೊಟ್ಟಿದ್ದರು. ಗಂಡ ಅದನ್ನು ಬಿಸಿ ನೀರಿನಲ್ಲಿ ಮೆಷಿನ್ನಿಗೆ ಹಾಕಿ ಡ್ರೈಯರಿನಲ್ಲೂ ತಿರುಗಿಸಿಬಿಟ್ಟರು. ಈಗ ಬೆಕ್ಕಿಗೂ ಹಿಡಿಸುವುದಿಲ್ಲ. ಅಮ್ಮನಿಗೆ ಇನ್ನೂ ಹೇಳಿಲ್ಲ. ಏನಾದರೂ ದಾರಿ ಇದೆಯಾ?
– ಓದುಗರು, ಟೊರೊಂಟೊ

ಉ: ಮೊದಲು ಯಜಮಾನರನ್ನು ಕ್ಷಮಿಸಿ. ಪೂರ್ತಿ ಕಂಬಳಿಯಂತಾಗಿ, ಹೆಣಿಗೆಯ ಕಣ್ಣುಗಳೇ ಕಾಣದಿದ್ದರೆ ದಾರಿ ಇಲ್ಲ. ಉಣ್ಣೆಯ ಎಳೆಯ ಮೇಲೆ ಮೀನಿನ ಹಾಗೆ ಸಣ್ಣ ಸಣ್ಣ ಹುರುಪೆ ಇರುತ್ತವೆ. ಬಿಸಿ ನೀರು, ಸೋಪು, ತಿರುಗಾಟ ಮೂರೂ ಸೇರಿದರೆ ಅವು ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ. ಹಾಗೆ ಕಚ್ಚಿಕೊಂಡದ್ದು ಬಿಡುವುದಿಲ್ಲ. ಕಣ್ಣುಗಳು ಇನ್ನೂ ಕಾಣುತ್ತಿದ್ದರೆ ಮಾತ್ರ ಒಂದು ಪ್ರಯತ್ನ ಮಾಡಿ: ಉಗುರುಬೆಚ್ಚಗಿನ ನೀರಿಗೆ ತಲೆಗೆ ಹಾಕುವ ಕಂಡಿಷನರ್ ಎರಡು ಚಮಚ ಹಾಕಿ ಅರ್ಧ ಗಂಟೆ ನೆನೆಸಿ. ಟವಲಿನಲ್ಲಿ ಒತ್ತಿ ನೀರು ತೆಗೆದು, ಉದ್ದಕ್ಕೂ ಅಗಲಕ್ಕೂ ಮೆಲ್ಲಗೆ ಎಳೆದು, ಪಿನ್ನು ಚುಚ್ಚಿ ಒಣಗಿಸಿ. ಒಂದೆರಡು ಇಂಚು ವಾಪಸ್ ಬಂದರೆ ಪುಣ್ಯ.

ಮುಂದಿನದಕ್ಕೆ ಒಗೆಯುವ ಕ್ರಮ. ಬಕೆಟಿನಲ್ಲಿ ತಣ್ಣೀರು, ಬೇಬಿ ಶಾಂಪೂ ಒಂದು ಚಮಚ. ನಾನು ಅಂಟುವಾಳ ಕಾಯಿ ನೆನೆಸಿದ ನೀರು ಹಾಕುತ್ತೇನೆ, ನಿಮಗೆ ಅಲ್ಲಿನ ಇಂಡಿಯನ್ ಅಂಗಡಿಯಲ್ಲಿ ರೀಠಾ ಅಂತ ಸಿಗಬಹುದು. ಬಟ್ಟೆ ಸೋಪಿನ ಪುಡಿ ಬೇಡ. ರಕ್ತ, ಹಾಲಿನ ಕಲೆ ತೆಗೆಯಲು ಅದರಲ್ಲಿ ಎನ್‌ಜೈಮ್ ಹಾಕಿರುತ್ತಾರೆ. ಉಣ್ಣೆಯೂ ಪ್ರೋಟೀನೇ, ಅದನ್ನೂ ಕಲೆ ಅಂತಲೇ ತಿಳಿದು ತಿನ್ನುತ್ತದೆ. ಬ್ಲೀಚಂತೂ ಉಣ್ಣೆಯನ್ನು ಕರಗಿಸಿಯೇಬಿಡುತ್ತದೆ. ಉಜ್ಜಬೇಡಿ, ಹಿಂಡಬೇಡಿ, ಅದುಮಿ ಅದುಮಿ ಬಿಡಿ. ಜಾಲಿಸುವ ನೀರೂ ಅಷ್ಟೇ ತಣ್ಣಗಿರಲಿ. ಆಮೇಲೆ ಒಣ ಟವಲಿನ ಮೇಲೆ ಹಾಸಿ, ಚಪಾತಿ ಸುರುಳಿಯ ಹಾಗೆ ಸುತ್ತಿ, ಅದರ ಮೇಲೆ ನಿಂತುಬಿಡಿ. ನೀರೆಲ್ಲಾ ಟವಲಿಗೆ. ತಂತಿಗೆ ನೇತುಹಾಕಿದರೆ ಜೋತು ಬೀಳುತ್ತದೆ, ನೆರಳಿನಲ್ಲಿ ಅಗಲವಾಗಿ ಹಾಸಿ. ಪದೇ ಪದೇ ಒಗೆತ ಬೇಡ. ಕೂದಲು ಕೊಡವಿ, ಗಾಳಿಗೆ ಹಾಕಿ, ವಾಸನೆ ಬಂದಾಗ ಒಗೆದರೆ ಸಾಕು.

ನಿಮ್ಮ ಹಿಮದಲ್ಲಿ ಬರೀ ಸ್ವೆಟರ್ ಸಾಲದು. ಹಿಮ ಉಣ್ಣೆಗೆ ಉಂಡೆ ಉಂಡೆಯಾಗಿ ಅಂಟಿ ಒಳಗೆ ಬಂದು ಕರಗುತ್ತದೆ. ಮೇಲೆ ನೀರು ಇಳಿಯದ ಕೋಟು ಬೇಕು. ರಸ್ತೆಗೆ ಸುರಿಯುವ ಉಪ್ಪು ಅಂಗಾಲು ಸೀಳುತ್ತದೆ, ನೆಕ್ಕಿದರೆ ವಾಂತಿ. ಬಂದ ಕೂಡಲೇ ನಾಲ್ಕೂ ಪಾದ ತೊಳೆಯಿರಿ.

ಅಮ್ಮನಿಗೆ ನಿಜ ಹೇಳಿ. ಹೆಣೆಯುವವರಿಗೆ ಇನ್ನೊಂದು ಹೆಣೆಯಲು ನೆಪ ಸಿಕ್ಕಿದರೆ ಖುಷಿಯೇ.

ಪ್ರ: ಹೋದ ವರ್ಷದ ಸ್ವೆಟರ್ ತೆಗೆದರೆ ಬರೀ ತೂತು. ಈ ಸಲ ಪೆಟ್ಟಿಗೆಗೆ ಎಷ್ಟು ನುಸಿಗುಳಿಗೆ ಹಾಕಲಿ?
– ಓದುಗರು, ದಾವಣಗೆರೆ

ಉ: ಒಂದೂ ಬೇಡ. ದಯವಿಟ್ಟು. ನಾಯಿ ಇರುವ ಮನೆಯಲ್ಲಿ ನುಸಿಗುಳಿಗೆ ಇರಲೇಬಾರದು. ಬೆಳ್ಳಗೆ, ಗುಂಡಗೆ, ಉರುಳುವ ವಸ್ತು. ಮರಿ ನಾಯಿ ಅದನ್ನು ಚೆಂಡು ಅಂತಲೇ ತಿಳಿಯುತ್ತದೆ. ಸಣ್ಣ ನಾಯಿಗೆ ಒಂದು ಗುಳಿಗೆಯೂ ಅಪಾಯ. ಅದರೊಳಗಿನ ನ್ಯಾಫ್ತಲೀನ್ ರಕ್ತದ ಕೆಂಪು ಕಣಗಳನ್ನು ಒಡೆಯುತ್ತದೆ. ವಾಂತಿ, ಸುಸ್ತು, ಒಸಡು ಬಿಳಿಚಿಕೊಳ್ಳುವುದು, ಕಂದು ಮೂತ್ರ. ನುಂಗಿದ್ದು ಗೊತ್ತಾದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಹೋಗಬೇಡಿ. ಪೊಟ್ಟಣವನ್ನೂ ತಗೊಂಡು ನೇರ ಆಸ್ಪತ್ರೆಗೆ ಓಡಿ. ಕರ್ಪೂರವೂ ವಿಷವೇ, 'ಇದು ದೇವರದ್ದು, ಏನಾಗಲ್ಲ' ಅನ್ನಬೇಡಿ.

ಉಣ್ಣೆ ತಿನ್ನುವುದು ಹಾರುವ ಪತಂಗವಲ್ಲ, ಅದರ ಮರಿಹುಳ. ಬೆವರು, ಜೊಲ್ಲು, ಊಟದ ಕಲೆ ಇರುವ ಜಾಗವೆಂದರೆ ಅದಕ್ಕೆ ಹಬ್ಬ. ನಿಮ್ಮ ಸ್ವೆಟರಿನಲ್ಲಿ ತೂತು ಕೊರಳು, ಎದೆಯ ಹತ್ತಿರ ಜಾಸ್ತಿ ಇರಬೇಕು, ನೋಡಿ. ಹಾಗಾಗಿ ಚಳಿಗಾಲ ಮುಗಿದ ಮೇಲೆ ಒಗೆಯದೇ ಎತ್ತಿಡಬೇಡಿ. ಪೂರ್ತಿ ಒಣಗಿಸಿ, ಬಿಸಿಲಿಗೆ ಒಂದು ಗಂಟೆ ಹಾಕಿ ಕೊಡವಿ, ಗಾಳಿಯಾಡದ ಹಾಗೆ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ. ಒಣ ಬೇವಿನ ಸೊಪ್ಪು ಇಡುವವರಿದ್ದಾರೆ, ನಾನೂ ಇಡುತ್ತೇನೆ. ಆದರೆ ಹುಳ ತಡೆಯುವುದು ಸೊಪ್ಪಿಗಿಂತ ಆ ಬಿಗಿ ಗಂಟೇ. ಈಗಾಗಲೇ ಹುಳ ಹಿಡಿದದ್ದನ್ನು ಚೀಲ ಸಮೇತ ಫ್ರೀಜರಿನಲ್ಲಿ ಒಂದು ವಾರ ಇಟ್ಟು ಆಮೇಲೆ ಒಗೆಯಿರಿ. ಮನೆಯವರು ಐಸ್‌ಕ್ರೀಂ ಅಂದುಕೊಂಡು ತೆಗೆದರೆ ನಾನು ಹೊಣೆಯಲ್ಲ.

ಪ್ರ: ನಮ್ಮ ಬೀಗಲ್ ಮರಿ ಸ್ವೆಟರಿನ ತುದಿ ಕಚ್ಚಿ ಬಿಚ್ಚಿ ತಿನ್ನುತ್ತದೆ. ನಿನ್ನೆ ಹಿಂದಿನಿಂದ ದಾರ ನೇತಾಡುತ್ತಿತ್ತು. ಎಳೆಯಲು ಹೋದೆ, ಬರಲಿಲ್ಲ.
– ಓದುಗರು, ವಿರಾಜಪೇಟೆ

ಉ: ಎಳೆಯಬೇಡಿ! ಈ ಪತ್ರಕ್ಕೆ ನಾನು ಅವತ್ತೇ ಫೋನು ಮಾಡಿದೆ, ಮರಿ ಈಗ ಚೆನ್ನಾಗಿದೆ. ಉಳಿದವರಿಗಾಗಿ ಬರೆಯುತ್ತಿದ್ದೇನೆ. ದಾರದ ಒಂದು ತುದಿ ಒಳಗೆಲ್ಲೋ ಸಿಕ್ಕಿಕೊಂಡಿರುತ್ತದೆ. ಕರುಳು ಮುಂದೆ ಮುಂದೆ ದೂಡುತ್ತ ಲಾಡಿ ಎಳೆದ ಚಡ್ಡಿಯ ಹಾಗೆ ನೆರಿಗೆ ಬೀಳುತ್ತದೆ. ನೀವು ಎಳೆದರೆ ದಾರ ಕರುಳನ್ನು ಕುಯ್ಯುತ್ತದೆ. ಸೋಮವಾರಪೇಟೆಯಲ್ಲಿದ್ದಾಗ ಒಂದು ನಾಯಿಯ ಹೊಟ್ಟೆಯಿಂದ ನಾನು ಎರಡಡಿ ಹಸಿರು ಉಲ್ಲನ್ ತೆಗೆದಿದ್ದೇನೆ. ಅದರ ಇನ್ನೊಂದು ತುದಿ ನಾಲಿಗೆಯ ಬುಡಕ್ಕೆ ಸುತ್ತಿಕೊಂಡಿತ್ತು. ದಾರ ಕಂಡರೆ ಹೊರಗೆ ನೇತಾಡುವಷ್ಟನ್ನು ಕತ್ತರಿಸಿ, ಊಟ ಕೊಡದೆ ಡಾಕ್ಟರ ಹತ್ತಿರ ಒಯ್ಯಿರಿ. ಕಚ್ಚುವ ಮರಿಗೆ ಹೆಣೆದ ಸ್ವೆಟರ್ ಬೇಡ, ದಪ್ಪ ಬಟ್ಟೆಯ ಕೋಟು ಸಾಕು, ಅದೂ ನೀವು ಎದುರಿಗೆ ಇದ್ದಾಗ.

ಪ್ರ: ನಾನು ಹತ್ತನೇ ಕ್ಲಾಸ್. ಗೆಳತಿಯರು ಸೇರಿ ದುಡ್ಡು ಕೂಡಿಸಿ ನಮ್ಮ ಬೀದಿಯ ಏಳು ನಾಯಿಗಳಿಗೆ ಸ್ವೆಟರ್ ಹಾಕಬೇಕು ಅಂತಿದ್ದೇವೆ.
– ಓದುಗರು, ಮೈಸೂರು

ಉ: ನಿಮ್ಮ ಮನಸ್ಸು ದೊಡ್ಡದು ಮಗಳೇ. ಆದರೆ ಒಂದು ಪ್ರಶ್ನೆ. ಬೆಳಿಗ್ಗೆ ಅದನ್ನು ಬಿಚ್ಚುವವರು ಯಾರು? ಬೀದಿನಾಯಿ ಚರಂಡಿಗೆ ಇಳಿಯುತ್ತದೆ, ಬೇಲಿ ನುಸುಳುತ್ತದೆ, ಜಗಳವಾಡುತ್ತದೆ. ಒದ್ದೆ ಸ್ವೆಟರ್ ಚಳಿಯನ್ನು ಹೆಚ್ಚಿಸುತ್ತದೆ. ಮುಳ್ಳುತಂತಿಗೆ ಸಿಕ್ಕರೆ ಪ್ರಾಣಕ್ಕೇ ಕಷ್ಟ. ಮರಿಗೆ ಹಾಕಿದ್ದು ಒಂದು ತಿಂಗಳಲ್ಲಿ ಬಿಗಿಯಾಗಿ ಕೊರಳು ಕೊರೆಯುತ್ತದೆ. ಅದೇ ದುಡ್ಡಿನಲ್ಲಿ ಗೋಣಿಚೀಲ ತನ್ನಿ, ಒಣ ಭತ್ತದ ಹುಲ್ಲು ತುಂಬಿ ಹೊಲಿಯಿರಿ. ಗಾಳಿ ಬೀಸದ ಮೂಲೆಯಲ್ಲಿ, ಅಂಗಡಿಯವರನ್ನು ಕೇಳಿ ಇಡಿ. ಹುಲ್ಲು ನೆನೆದರೆ ಬದಲಿಸಿ. ಉಳಿದ ದುಡ್ಡಿಗೆ ರಾತ್ರಿ ಒಂದಿಷ್ಟು ಅನ್ನ, ಮೊಟ್ಟೆ. ಹೊಟ್ಟೆ ತುಂಬಿದ ನಾಯಿಗೆ ಅರ್ಧ ಚಳಿ.

ಪ್ರ: ನಮ್ಮ ಯಜಮಾನರು ಆಗಸ್ಟ್‌ನಲ್ಲಿ ತೀರಿಕೊಂಡರು. ಅವರ ಬೂದು ಬಣ್ಣದ ಉಣ್ಣೆ ಸ್ವೆಟರ್ ಹಾಗೇ ಇದೆ. ನಮ್ಮ ನಾಯಿಗೆ ಹನ್ನೆರಡು ವರ್ಷ, ಅವರ ಕುರ್ಚಿ ಬಿಟ್ಟು ಏಳುವುದಿಲ್ಲ. ಆ ಸ್ವೆಟರನ್ನೇ ಕತ್ತರಿಸಿ ಅದಕ್ಕೆ ಹೊಲಿಸಬಹುದೇ? ತಪ್ಪಾಗುತ್ತದೆಯೇ?
– ಓದುಗರು, ತೀರ್ಥಹಳ್ಳಿ

ಉ: ತಪ್ಪು ಏನೂ ಇಲ್ಲಮ್ಮ. ಹೊಲಿಸುವುದಾದರೆ ಕತ್ತರಿ ಹಾಕುವ ಮೊದಲೇ ಗೆರೆಯ ಎರಡೂ ಬದಿ ಮೆಷಿನ್ನಿನಲ್ಲಿ ಎರಡೆರಡು ಸಲ ಹೊಲಿಗೆ ಓಡಿಸಲು ಟೈಲರಿಗೆ ಹೇಳಿ. ಇಲ್ಲದಿದ್ದರೆ ಹೆಣಿಗೆ ಬಿಚ್ಚಿಕೊಂಡು ಹೋಗುತ್ತದೆ. ಚಿಕ್ಕ ನಾಯಿಯಾದರೆ ಒಂದು ತೋಳೇ ಸಾಕು, ಮುಂಗಾಲಿಗೆ ಎರಡು ತೂತು ಬಿಟ್ಟರೆ ಆಯಿತು.

ಆದರೆ ಈ ಚಳಿಗಾಲ ಕತ್ತರಿಸಬೇಡಿ ಅನ್ನುತ್ತೇನೆ. ಹನ್ನೆರಡು ವರ್ಷದ ನಾಯಿಗೆ ಕೀಲು ನೋವಿರುತ್ತದೆ, ಕಾಲು ಮಡಚಿ ತೋಳಿನೊಳಗೆ ತೂರಿಸುವುದೇ ಅದಕ್ಕೆ ಹಿಂಸೆ. ಸ್ವೆಟರನ್ನು ಹಾಗೇ ಕುರ್ಚಿಯ ಮೇಲೆ ಹಾಸಿ. ಈಗಲೇ ಒಗೆಯಲೂ ಬೇಡಿ. ನಮಗೆ ವಾಸನೆ ಹೋಗಿದೆ ಅನ್ನಿಸಿದರೂ ಅದರ ಮೂಗಿಗೆ ಇನ್ನೂ ಇರುತ್ತದೆ. ಕುರ್ಚಿ ಎತ್ತರವಿದ್ದರೆ ಮುಂದೆ ಒಂದು ಮಣೆ ಇಡಿ, ಹತ್ತಿ ಇಳಿಯಲು ಸುಲಭ. ಗುಂಡಿಗಳನ್ನು ಮಾತ್ರ ಕತ್ತರಿಸಿ ನಿಮ್ಮ ಹತ್ತಿರ ಇಟ್ಟುಕೊಳ್ಳಿ.